ಹೂವಿಲ್ಲದ ಗಿಡವನ್ನು ಎಲೆ ಸೀಳಿ ಗುರುತಿಸುವುದು ಹೇಗೆ?

2022ರಲ್ಲಿ ಚಂದ್ರದ್ರೋಣ ಗಿರಿಶ್ರೇಣಿಯ ಇಳಿಜಾರುಗಳು ನೀಲಿಯಾದವು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿ ನೋಡಲು ಮುಳ್ಳಯ್ಯನಗಿರಿಗೆ, ಬಾಬಾಬುಡನ್‌ಗಿರಿಗೆ ಜನ ಮುಗಿಬಿದ್ದರು. ಆಮೇಲೆ ಹೂ ಬಾಡಿತು, ಬೀಜ ಉದುರಿತು, ಹೂ ಬಿಟ್ಟ ಗಿಡಗಳು ಒಣಗಿದವು. ಕುರಿಂಜಿಯ ಬದುಕೇ ಹಾಗೆ, ಒಂದು ಸಲ ಹೂ ಬಿಟ್ಟು ಮುಗಿಯಿತು. ಅದೇ ಜಾಗದಲ್ಲಿ ಮೊಳೆತ ಹೊಸ ಗಿಡಗಳಲ್ಲಿ ಹೂ ಕಾಣಬೇಕಾದರೆ, ಹನ್ನೆರಡರ ಲೆಕ್ಕ ಸರಿಯಿದ್ದರೆ, 2034ರವರೆಗೆ ಕಾಯಬೇಕು.

ಈ ನಡುವೆ ಎರಡು ಬೆಳವಣಿಗೆಗಳಾಗಿವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಕ್ಷಣೆ ಇರುವ ಗಿಡಗಳ ಪಟ್ಟಿಗೆ ನೀಲಕುರಿಂಜಿ ಸೇರಿದೆ. ಅದನ್ನು ಕಾಡಿನಿಂದ ಕೀಳುವುದು ಈಗ ಅಪರಾಧ. 2024ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯೂ ಅದನ್ನು ಅಪಾಯಕ್ಕೆ ಸಿಲುಕಬಹುದಾದ ಸಸ್ಯ ಎಂದು ಗುರುತಿಸಿತು.

ಕಾನೂನೇನೋ ಬಂತು. ಆದರೆ ಹೂವಿಲ್ಲದ ಹನ್ನೊಂದು ವರ್ಷ ಈ ಗಿಡವನ್ನು ಗುರುತಿಸುವುದು ಹೇಗೆ? ಅದೇ ಗುಡ್ಡದಲ್ಲಿ ಅದೇ ಎತ್ತರದ ಬೇರೆ ಪೊದೆಗಳೂ ಇವೆ. ಪಶ್ಚಿಮ ಘಟ್ಟದಲ್ಲಿ ಕುರಿಂಜಿಯ ದಾಯಾದಿಗಳೇ ಹತ್ತಾರು ಬಗೆ. ಮೊಬೈಲ್ ಆ್ಯಪ್‌ಗೆ ಎಲೆಯ ಫೋಟೊ ಹಾಕಿದರೆ ಒಂದೊಂದು ಸಲ ಒಂದೊಂದು ಹೆಸರು ಬರುತ್ತದೆ.

ಆ್ಯಪ್ ನೋಡುವುದು ಎಲೆಯ ಹೊರಗನ್ನು ಮಾತ್ರ. ಸಸ್ಯಶಾಸ್ತ್ರಜ್ಞರು ಬೇಕಾದಾಗ ಒಳಗನ್ನೂ ನೋಡುತ್ತಾರೆ. ಎಲೆಯನ್ನು ತೆಳ್ಳಗೆ ಕೊಯ್ದು ಅಥವಾ ಅದರ ಸಿಪ್ಪೆ ಬಿಡಿಸಿ ಮೈಕ್ರೋಸ್ಕೋಪಿನ ಕೆಳಗೆ ಇಡುತ್ತಾರೆ. ಎಲೆಯ ಒಳರಚನೆಯಿಂದ ಗಿಡದ ಕುಟುಂಬ ಹುಡುಕುವ ಈ ವಿದ್ಯೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅದರ ಉದಾಹರಣೆಗಳಿಗೆ ದೂರ ಹೋಗಬೇಕಿಲ್ಲ. ಹಾಸನ, ಚಿಕ್ಕಮಗಳೂರಿನ ತೋಟ, ಹೊಲ, ಹಿತ್ತಿಲಲ್ಲೇ ಬೇಕಾದಷ್ಟು ಸಿಗುತ್ತವೆ.

ಮೊದಲು ಹೂವನ್ನೇ ಯಾಕೆ ನಂಬಿದರು?

ಗಿಡಗಳನ್ನು ಗುಂಪು ಮಾಡುವುದಕ್ಕೆ ವರ್ಗೀಕರಣ ಎನ್ನುತ್ತಾರೆ. ಇದರಲ್ಲಿ ಮೂರು ಹಂತ ಗೊತ್ತಿದ್ದರೆ ಸಾಕು: ಕುಟುಂಬ, ಅದರೊಳಗೆ ಕುಲ, ಕುಲದೊಳಗೆ ಪ್ರಭೇದ. ನಮ್ಮ ಕಾಫಿಯದು ರೂಬಿಯೇಸಿ ಎಂಬ ಕುಟುಂಬ. ಕೇಪಳ, ಮಂಜಿಷ್ಠ, ನೋನಿ ಕೂಡ ಇದೇ ಕುಟುಂಬದವು. ಕಾಫಿಯ ಕುಲ ಕಾಫಿಯಾ. ಅರೇಬಿಕಾ ಒಂದು ಪ್ರಭೇದ, ರೋಬಸ್ಟಾ ಇನ್ನೊಂದು.

ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿಯನ್ನು 1753ರಲ್ಲಿ ನೆಲೆಗೊಳಿಸಿದವನು ಸ್ವೀಡನ್ನಿನ ಕಾರ್ಲ್ ಲಿನೇಯಸ್. ಅವನು ಗುಂಪು ಮಾಡಿದ್ದು ಮುಖ್ಯವಾಗಿ ಹೂವಿನ ಕೇಸರಗಳನ್ನು ಎಣಿಸಿ. ಹೂವಿನ ಮೇಲೆ ಇಷ್ಟು ನಂಬಿಕೆ ಇಡಲು ಕಾರಣವಿತ್ತು. ಗಿಡ ನೆರಳಲ್ಲಿರಲಿ ಬಿಸಿಲಲ್ಲಿರಲಿ, ಗೊಬ್ಬರ ಜಾಸ್ತಿ ಸಿಗಲಿ ಕಡಿಮೆ ಸಿಗಲಿ, ಹೂವಿನ ವಿನ್ಯಾಸ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ಎಲೆಯ ಹೊರರೂಪ ಹಾಗಲ್ಲ. ಹಲಸಿನ ಎಳೆ ಗಿಡದಲ್ಲಿ ಎಲೆಗಳು ಸೀಳಿಕೊಂಡಿರುತ್ತವೆ. ಮರ ಬಲಿತ ಮೇಲೆ ಬರುವ ಎಲೆಗಳಿಗೆ ಸೀಳೇ ಇರುವುದಿಲ್ಲ. ಗೊತ್ತಿಲ್ಲದವರಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಬೇರೆ ಬೇರೆ ಮರ ಎಂದೇ ಹೇಳುತ್ತಾರೆ. ಒಂದೇ ಕಾಫಿ ತಳಿ ದಟ್ಟ ನೆರಳಲ್ಲಿ ಅಗಲವಾದ ತೆಳು ಎಲೆ ಬಿಡುತ್ತದೆ, ಬಿಸಿಲಿಗೆ ಬಿದ್ದರೆ ಸಣ್ಣದಾದ ದಪ್ಪ ಎಲೆ ಬಿಡುತ್ತದೆ. ಹೀಗಾಗಿ ಎಲೆ ನಂಬಿಕೆಗೆ ಅರ್ಹವಲ್ಲ ಎಂಬ ಭಾವನೆ ಬಹಳ ಕಾಲ ಇತ್ತು.

ಮೈಕ್ರೋಸ್ಕೋಪ್ ಬಂದ ಮೇಲೆ ಚಿತ್ರ ನಿಧಾನಕ್ಕೆ ಬದಲಾಯಿತು. 1670-80ರ ದಶಕಗಳಲ್ಲೇ ಇಟಲಿಯ ಮಾಲ್ಪೀಗಿ, ಇಂಗ್ಲೆಂಡಿನ ನೆಹೆಮಯಾ ಗ್ರೂ ಗಿಡಗಳ ಒಳರಚನೆಯ ಚಿತ್ರ ಬರೆದಿದ್ದರು. ಆದರೆ ಅದನ್ನು ವರ್ಗೀಕರಣಕ್ಕೆ ವ್ಯವಸ್ಥಿತವಾಗಿ ಬಳಸಿದ್ದು 19ನೇ ಶತಮಾನದ ಕೊನೆಯಲ್ಲಿ. ಜರ್ಮನಿಯ ಹ್ಯಾನ್ಸ್ ಸೋಲೆರೆಡರ್ 1899ರಲ್ಲಿ ದ್ವಿದಳ ಸಸ್ಯಗಳ ಒಳರಚನೆಯನ್ನು ಕುಟುಂಬವಾರು ಪಟ್ಟಿ ಮಾಡಿದ. 1950ರಲ್ಲಿ ಬ್ರಿಟನ್ನಿನ ಮೆಟ್‌ಕಾಫ್ ಮತ್ತು ಚಾಕ್ ಅದನ್ನೇ ಹಿಗ್ಗಿಸಿ ಎರಡು ದಪ್ಪ ಸಂಪುಟಗಳಲ್ಲಿ ತಂದರು. ಇವತ್ತಿಗೂ ಹೂವಿಲ್ಲದ ಒಣ ಎಲೆ ಕೈಗೆ ಸಿಕ್ಕವರು ತಿರುವಿ ಹಾಕುವುದು ಆ ಸಂಪುಟಗಳನ್ನೇ.

ಎಲೆಯೊಳಗೆ ಏನೇನಿದೆ

ಎಲೆಯನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಒಂದು ಕಾಫಿ ತೋಟದ ಹಾಗೆ ಕಾಣುತ್ತದೆ. ಮೇಲೆ, ಕೆಳಗೆ ಬೇಲಿ. ಇದು ಒತ್ತೊತ್ತಾಗಿ ಜೋಡಿಸಿದ ಜೀವಕೋಶಗಳ ಹೊರಪದರ. ಬೇಲಿಯ ಮೇಲೆ ಮೇಣದಂಥ ಲೇಪ ಇರುತ್ತದೆ, ನೀರು ಆರಿಹೋಗದಿರಲು. ಬೇಲಿಯಲ್ಲಿ ಅಲ್ಲಲ್ಲಿ ಗೇಟುಗಳಿವೆ. ಅವೇ ಪತ್ರರಂಧ್ರಗಳು. ಒಳಗೆ ಮೇಲುಭಾಗದಲ್ಲಿ ಸಾಲು ಹಿಡಿದು ನೆಟ್ಟ ಗಿಡಗಳಂತೆ ಉದ್ದನೆಯ ಹಸಿರು ಕೋಶಗಳು ನಿಂತಿರುತ್ತವೆ. ಬಿಸಿಲು ಹಿಡಿದು ಆಹಾರ ತಯಾರಿಸುವ ಕೆಲಸ ಹೆಚ್ಚಿನದು ಅಲ್ಲೇ. ಅದರ ಕೆಳಗೆ ಗಾಳಿಯಾಡುವಂತೆ ಬಿಡಿಬಿಡಿಯಾಗಿ ಹರಡಿದ ಕೋಶಗಳು. ಇವೆಲ್ಲದರ ನಡುವೆ ಪೈಪ್‌ಲೈನ್ ಹಾದಂತೆ ನರಗಳು. ಒಂದು ಕೊಳವೆ ನೀರು ತರುತ್ತದೆ, ಇನ್ನೊಂದು ತಯಾರಾದ ಸಕ್ಕರೆಯನ್ನು ಸಾಗಿಸುತ್ತದೆ.

ಈ ಮೂಲ ನಕ್ಷೆ ಹೆಚ್ಚುಕಡಿಮೆ ಎಲ್ಲ ಅಗಲ ಎಲೆಗಳಲ್ಲೂ ಒಂದೇ. ವ್ಯತ್ಯಾಸ ಇರುವುದು ವಿವರಗಳಲ್ಲಿ. ಪತ್ರರಂಧ್ರದ ಸುತ್ತ ಕೋಶಗಳು ಹೇಗೆ ಕೂತಿವೆ? ಕೂದಲು ಯಾವ ಆಕಾರದ್ದು? ಎಣ್ಣೆ ಇದೆಯಾ? ಹರಳು ಇದೆಯಾ, ಇದ್ದರೆ ಯಾವ ಬಗೆಯದು? ನರದೊಳಗಿನ ಕೊಳವೆಗಳ ಜೋಡಣೆ ಹೇಗಿದೆ? ಇವುಗಳಲ್ಲಿ ಎಷ್ಟೋ ಸಂಗತಿಗಳು ಬಿಸಿಲು ನೆರಳಿಗೆ ಅಷ್ಟಾಗಿ ಬಗ್ಗುವುದಿಲ್ಲ, ವಂಶದಿಂದ ಬರುತ್ತವೆ.

ಪತ್ರರಂಧ್ರ: ಎಲ್ಲಕ್ಕಿಂತ ಉಪಯೋಗದ ಗುರುತು

ಒಂದೊಂದು ಪತ್ರರಂಧ್ರಕ್ಕೂ ಎರಡು ಕಾವಲು ಕೋಶಗಳಿರುತ್ತವೆ. ಅವು ನೀರು ತುಂಬಿ ಉಬ್ಬಿದಾಗ ನಡುವಿನ ಬಾಯಿ ತೆರೆಯುತ್ತದೆ, ಸೊರಗಿದಾಗ ಮುಚ್ಚಿಕೊಳ್ಳುತ್ತದೆ. ಇಷ್ಟು ಶಾಲೆಯಲ್ಲೇ ಓದಿರುತ್ತೇವೆ. ವರ್ಗೀಕರಣ ಮಾಡುವವರ ಕಣ್ಣು ಈ ಎರಡು ಕೋಶಗಳ ಆಚೆ, ನೆರೆಯವುಗಳ ಮೇಲೆ ಇರುತ್ತದೆ.

ಕಾಫಿ ಎಲೆಯಲ್ಲಿ ರಂಧ್ರದ ಎರಡೂ ಪಕ್ಕದಲ್ಲಿ, ಬಾಯಿಗೆ ಸಮಾನಾಂತರವಾಗಿ, ಒಂದೊಂದು ವಿಶೇಷ ಕೋಶ ಇರುತ್ತದೆ. ರೂಬಿಯೇಸಿ ಕುಟುಂಬದಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಹಿಂದೆ ಈ ಮಾದರಿಯನ್ನು ಆ ಕುಟುಂಬದ ಹೆಸರಿನಿಂದಲೇ ಕರೆಯುತ್ತಿದ್ದರು. ಸಾಸಿವೆ, ಎಲೆಕೋಸು, ಮೂಲಂಗಿಯ ಕುಟುಂಬದಲ್ಲಿ ಬೇರೆ ಥರ. ಅಲ್ಲಿ ರಂಧ್ರವನ್ನು ಮೂರು ಕೋಶಗಳು ಸುತ್ತುವರಿದಿರುತ್ತವೆ, ಮೂರರಲ್ಲಿ ಒಂದು ಸಣ್ಣದು. ಇನ್ನು ಕೆಲವು ಕುಟುಂಬಗಳಲ್ಲಿ ಸುತ್ತಲಿನ ಕೋಶಗಳು ಉಳಿದ ಕೋಶಗಳ ಹಾಗೇ ಇರುತ್ತವೆ, ವಿಶೇಷವೇನೂ ಇಲ್ಲ.

ಕುರಿಂಜಿಯದು ನಾಲ್ಕನೆಯ ಮಾದರಿ. ರಂಧ್ರವನ್ನು ಎರಡು ಕೋಶಗಳು ತಬ್ಬಿಕೊಂಡಿರುತ್ತವೆ, ಆದರೆ ಅವೆರಡೂ ಕೂಡುವ ಗೋಡೆ ರಂಧ್ರದ ಬಾಯಿಗೆ ಅಡ್ಡವಾಗಿ ಬರುತ್ತದೆ. ಕಾಫಿಯದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ. ಕುರಿಂಜಿ ಇರುವ ಅಕ್ಯಾಂಥೇಸಿ ಕುಟುಂಬದಲ್ಲಿ ಇದು ಸಾಮಾನ್ಯ. ಕೆಮ್ಮಿಗೆ ಕಷಾಯ ಮಾಡುವ ಆಡುಸೋಗೆಯೂ ಇದೇ ಕುಟುಂಬದ್ದು, ಅದರ ಎಲೆಯಲ್ಲೂ ಹೀಗೇ ಕಾಣುತ್ತದೆ.

ಹುಲ್ಲಿನ ಜಾತಿಯದು ಇವೆಲ್ಲಕ್ಕಿಂತ ಬೇರೆ. ಭತ್ತ, ರಾಗಿ, ಜೋಳ, ಕಬ್ಬು, ಬಿದಿರು ಯಾವುದನ್ನೇ ನೋಡಿ, ಕಾವಲು ಕೋಶಗಳು ಜಿಮ್ಮಿನ ಡಂಬ್‌ಬೆಲ್ ಆಕಾರದಲ್ಲಿರುತ್ತವೆ. ಉಳಿದ ಹೆಚ್ಚಿನ ಗಿಡಗಳಲ್ಲಿ ಅವು ಹುರುಳಿಕಾಳಿನಂತೆ ಬಾಗಿರುತ್ತವೆ.

ರಂಧ್ರ ಎಲೆಯ ಯಾವ ಮೈಮೇಲೆ ಇದೆ ಎಂಬುದೂ ಮುಖ್ಯ. ಕಾಫಿಯಲ್ಲಿ ಅದು ಎಲೆಯ ತಳಭಾಗದಲ್ಲಿ ಮಾತ್ರ. ಬೆಳೆಗಾರರಿಗೆ ಇದು ಬರೀ ಪುಸ್ತಕದ ವಿಷಯವಲ್ಲ. ಎಲೆ ತುಕ್ಕು ರೋಗದ ಶಿಲೀಂಧ್ರ ಎಲೆಯೊಳಗೆ ನುಗ್ಗುವುದು ಈ ರಂಧ್ರಗಳ ಮೂಲಕವೇ. ಬೋರ್ಡೋ ದ್ರಾವಣ ಎಲೆಯ ತಳಕ್ಕೆ ಬೀಳುವಂತೆ ಹೊಡೆಯಿರಿ ಎಂದು ಹೇಳುವುದು ಅದಕ್ಕೇ. ಮೇಲೆ ಸುಮ್ನೆ ನೆನೆಸಿದರೆ ಗೇಟು ತೆರೆದೇ ಇರುತ್ತದೆ.

ಎಲೆಯೊಳಗಿನ ಕಲ್ಲು, ಸೂಜಿ, ಎಣ್ಣೆ

ಕುರಿಂಜಿ ಎಲೆಯಲ್ಲಿ ಇನ್ನೊಂದು ಗುರುತಿದೆ. ಅದರ ಹೊರಪದರದ ಕೆಲವು ಕೋಶಗಳೊಳಗೆ ಸುಣ್ಣದ ಗಟ್ಟಿ ಇರುತ್ತದೆ. ಇದು ಕ್ಯಾಲ್ಸಿಯಂ ಕಾರ್ಬೊನೇಟ್. ಇದಕ್ಕೆ ಸಿಸ್ಟೊಲಿತ್ ಎಂದು ಹೆಸರು. ಒಣಗಿದ ಎಲೆಯನ್ನು ಲೆನ್ಸ್ ಹಿಡಿದು ನೋಡಿದರೆ ಸಣ್ಣ ಸಣ್ಣ ಗೀರುಗಳಂತೆ ಕಾಣುವುದುಂಟು. ದುರ್ಬಲ ಆಮ್ಲದ ಹನಿ ಹಾಕಿದರೆ ಗುಳ್ಳೆ ಎದ್ದು ಕರಗುತ್ತದೆ. ಅಕ್ಯಾಂಥೇಸಿ ಕುಟುಂಬದ ಎಲ್ಲ ಗುಂಪುಗಳಲ್ಲೂ ಇದು ಇಲ್ಲ. ಅಲಂಕಾರಕ್ಕೆ ಬೆಳೆಸುವ ಥನ್‌ಬರ್ಜಿಯಾ ಬಳ್ಳಿಯಲ್ಲಿ ಇಲ್ಲ. ಆದ್ದರಿಂದ ಇದು ಕುಟುಂಬದೊಳಗೆ ಉಪಗುಂಪು ಮಾಡಲೂ ಸಹಾಯಕ್ಕೆ ಬರುತ್ತದೆ.

ಆದರೆ ಸಿಸ್ಟೊಲಿತ್ ಕಂಡ ಕೂಡಲೇ ಅಕ್ಯಾಂಥೇಸಿ ಎಂದು ಬರೆದುಕೊಂಡರೆ ತಪ್ಪಾದೀತು. ಆಲ, ಅತ್ತಿಯಂಥ ಫೈಕಸ್ ಮರಗಳ ಎಲೆಯಲ್ಲೂ ಸಿಸ್ಟೊಲಿತ್ ಇರುತ್ತದೆ. ಹಾಗಿದ್ದರೂ ಗೊಂದಲವಿಲ್ಲ. ಫೈಕಸ್‌ನಲ್ಲಿ ಹಾಲು ಬರುತ್ತದೆ, ಪತ್ರರಂಧ್ರದ ಮಾದರಿ ಬೇರೆ, ಎಲೆಗಳ ಜೋಡಣೆಯೂ ಬೇರೆ. ಈ ವಿದ್ಯೆಯ ನಿಯಮವೇ ಇದು. ಯಾವುದೇ ಒಂದು ಗುರುತಿಗೆ ಸ್ವಂತ ಬಲವಿಲ್ಲ. ಮೂರು ನಾಲ್ಕು ಗುರುತು ಒಂದೇ ಕಡೆ ಕೈ ತೋರಿಸಿದಾಗ ಮಾತ್ರ ಹೆಸರು ಹೇಳಬೇಕು.

ಮಲೆನಾಡಿನವರಿಗೆ ಇನ್ನೊಂದು ಹರಳು ಚೆನ್ನಾಗಿ ಗೊತ್ತು, ನಾಲಿಗೆಯ ಮೂಲಕ. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದಲ್ವಾ? ಅದರ ಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಕಟ್ಟುಕಟ್ಟಾಗಿ ಇರುತ್ತವೆ. ಪತ್ರೊಡೆಗೆ ಹುಣಸೆಹಣ್ಣು ಧಾರಾಳವಾಗಿ ಹಾಕಿ ಚೆನ್ನಾಗಿ ಬೇಯಿಸುವ ಪದ್ಧತಿ ಈ ತುರಿಕೆಯ ಕಾರಣಕ್ಕೇ ಬಂದದ್ದು. ಈ ಸೂಜಿಗಳು ವರ್ಗೀಕರಣದಲ್ಲಿ ದೊಡ್ಡ ಕೆಲಸ ಮಾಡಿವೆ. ಕಾಫಿಯ ಕುಟುಂಬವನ್ನೇ ತೆಗೆದುಕೊಳ್ಳಿ. ಮಂಜಿಷ್ಠ, ನೋನಿ ಇರುವ ಉಪಕುಟುಂಬದಲ್ಲಿ ಸೂಜಿ ಹರಳು ಇದೆ. ಕಾಫಿ, ಕೇಪಳ ಇರುವ ಕವಲಿನಲ್ಲಿ ಇಲ್ಲ. ಹೂವಿನ ಲಕ್ಷಣಗಳಿಂದ ಮಾಡಿದ ಹಳೆಯ ವಿಂಗಡಣೆ ಸರಿಹೊಂದದೆ ಒದ್ದಾಡುತ್ತಿದ್ದಾಗ, 1950ರ ದಶಕದಲ್ಲಿ ಸಸ್ಯಶಾಸ್ತ್ರಜ್ಞರು ಈ ಹರಳನ್ನು ಹಿಡಿದು ಕುಟುಂಬವನ್ನು ಮತ್ತೆ ಜೋಡಿಸಿದರು. ಮುಂದೆ ಡಿಎನ್‌ಎ ಪರೀಕ್ಷೆ ಬಂದಾಗ ಆ ಸೂಜಿ ಹರಳಿನ ಗುಂಪು ಬಹುಮಟ್ಟಿಗೆ ನಿಂತಿತು.

ಎಣ್ಣೆಯ ಗುರುತು ನೋಡಲು ಮೈಕ್ರೋಸ್ಕೋಪ್ ಕೂಡ ಬೇಡ. ಕಿತ್ತಳೆ, ನಿಂಬೆ ಅಥವಾ ಕರಿಬೇವಿನ ಎಲೆಯನ್ನು ಬೆಳಕಿಗೆ ಹಿಡಿಯಿರಿ. ಸೂಜಿಯಲ್ಲಿ ಚುಚ್ಚಿದಂತೆ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆ ತುಂಬಿದ ಗೂಡುಗಳು. ಪೇರಲೆ, ನೇರಳೆ, ನೀಲಗಿರಿಯ ಕುಟುಂಬದಲ್ಲೂ ಇವೆ. ಅಲ್ಲಿ ಅಂಚಿನ ಗುಂಟ ಒಂದು ನರ ಹಾಯುವುದರಿಂದ ಬೇರೆ ಎಂದು ತಿಳಿಯುತ್ತದೆ.

ದಾಲ್ಚಿನ್ನಿ, ಕಾಸರಕ, ನೆಕ್ಕರೆ

ಎಣ್ಣೆಯ ವಿಷಯ ಎಷ್ಟು ಗಂಭೀರವಾಗಬಹುದು ಎಂಬುದಕ್ಕೆ ಇದೊಂದು ಉದಾಹರಣೆ. ದಾಲ್ಚಿನ್ನಿ ಎಲೆಯಲ್ಲಿ ಬುಡದಿಂದ ತುದಿಯವರೆಗೆ ಮೂರು ದಪ್ಪ ನರಗಳು ಓಡುತ್ತವೆ. ಪಲಾವಿಗೆ ಎಲೆ ಕೀಳುವವರು ಸಾಮಾನ್ಯವಾಗಿ ಇದನ್ನೇ ಗುರುತು ಇಟ್ಟುಕೊಂಡಿರುತ್ತಾರೆ. ಆದರೆ ಇದೇ ಥರ ಮೂರರಿಂದ ಐದು ನರ ಓಡುವ ಎಲೆ ಕಾಸರಕಕ್ಕೂ ಇದೆ. ಕಾಸರಕ ಎಂದರೆ ಸ್ಟ್ರಿಕ್ನೀನ್ ಎಂಬ ಘೋರ ವಿಷದ ಮರ. ಗುಡ್ಡದ ಪೊದೆಗಳಲ್ಲಿ ಮಕ್ಕಳು ತಿನ್ನುವ ನೆಕ್ಕರೆ ಹಣ್ಣಿನ ಗಿಡದ ಎಲೆಯಲ್ಲೂ ಉದ್ದುದ್ದ ನರಗಳಿವೆ.

ಮೂರೂ ಮೂರು ಕುಟುಂಬದವು. ಹತ್ತಿರದ ನೆಂಟಸ್ತಿಕೆ ಇಲ್ಲ. ನರದ ವಿನ್ಯಾಸ ಒಂದೇ ಥರ ಕಂಡಿದ್ದು ಕಾಕತಾಳೀಯ. ಒಳಗೆ ನೋಡಿದರೆ ಕಥೆ ಬೇರೆ. ದಾಲ್ಚಿನ್ನಿಯ ಎಲೆಯೊಳಗೆ ದುಂಡನೆಯ ಎಣ್ಣೆ ಕೋಶಗಳು ಹರಡಿರುತ್ತವೆ. ಎಲೆ ಹಿಸುಕಿದಾಗ ಬರುವ ಘಮ ಅವುಗಳದ್ದೇ. ಕಾಸರಕದಲ್ಲಿ, ನೆಕ್ಕರೆಯಲ್ಲಿ ಅಂಥ ಎಣ್ಣೆ ಕೋಶಗಳಿಲ್ಲ. ನೆಕ್ಕರೆಯ ಎಲೆ ಕೈಯಾಡಿಸಿದರೆ ಒರಟು, ಬಿರುಸಾದ ರೋಮಗಳಿವೆ. ಕಾಸರಕದ ಎಲೆ ನುಣುಪು. ಒಣಗಿ ಪುಡಿಯಾದ ಮೇಲೆ ಆಕಾರವೂ ಇಲ್ಲ, ಘಮವೂ ಹೋಗಿರುತ್ತದೆ. ಆಗಲೂ ಈ ಗುರುತುಗಳು ಪುಡಿಯಲ್ಲಿ ಉಳಿದಿರುತ್ತವೆ.

ಅಂದಹಾಗೆ, ದಾಲ್ಚಿನ್ನಿಯ ಪತ್ರರಂಧ್ರ ಕಾಫಿಯ ಮಾದರಿಯದೇ, ಪಕ್ಕದಲ್ಲಿ ಎರಡು ಸಮಾನಾಂತರ ಕೋಶ. ರಂಧ್ರವೊಂದನ್ನೇ ನೋಡಿ ತೀರ್ಪು ಕೊಟ್ಟರೆ ಕಾಫಿಗೂ ದಾಲ್ಚಿನ್ನಿಗೂ ಸಂಬಂಧ ಕಟ್ಟಿದಂತಾಗುತ್ತದೆ.

ಅರೇಬಿಕಾ ಮತ್ತು ರೋಬಸ್ಟಾ

ಇವೆರಡನ್ನು ಗುರುತಿಸಲು ತೋಟದವರಿಗೆ ಮೈಕ್ರೋಸ್ಕೋಪ್ ಬೇಕಿಲ್ಲ ನಿಜ. ಆದರೂ ಇಲ್ಲೊಂದು ಸ್ವಾರಸ್ಯವಿದೆ. ಕೋಶದೊಳಗೆ ವಂಶದ ಗುಣಗಳನ್ನು ಹೊತ್ತ ಎಳೆಗಳಿಗೆ ವರ್ಣತಂತು (ಕ್ರೋಮೋಸೋಮ್) ಎನ್ನುತ್ತಾರೆ. ರೋಬಸ್ಟಾದಲ್ಲಿ 22 ವರ್ಣತಂತುಗಳು, ಅರೇಬಿಕಾದಲ್ಲಿ ಅದರ ದುಪ್ಪಟ್ಟು, 44. ಬಹಳ ಹಿಂದೆ ರೋಬಸ್ಟಾ ಮತ್ತು ಯೂಜೀನಿಯಾಯ್ಡಿಸ್ ಎಂಬ ಇನ್ನೊಂದು ಕಾಡುಕಾಫಿ ತಾನಾಗಿ ಕೂಡಿ ಹುಟ್ಟಿದ್ದು ಅರೇಬಿಕಾ. ಎರಡೂ ಕಡೆಯ ವರ್ಣತಂತುಗಳು ಅದರಲ್ಲಿ ಉಳಿದುಕೊಂಡವು.

ವರ್ಣತಂತು ದುಪ್ಪಟ್ಟಾದರೆ ಕೋಶಗಳು ದೊಡ್ಡದಾಗುವುದು ಗಿಡಗಳಲ್ಲಿ ಸಾಮಾನ್ಯ. ಅದು ಪತ್ರರಂಧ್ರದಲ್ಲಿ ಕಾಣುತ್ತದೆ. ಅರೇಬಿಕಾದ ರಂಧ್ರಗಳು ದೊಡ್ಡವು, ಆದರೆ ಅಷ್ಟೇ ಜಾಗದಲ್ಲಿ ಸಂಖ್ಯೆ ಕಡಿಮೆ. ರೋಬಸ್ಟಾದವು ಸಣ್ಣವು, ದಟ್ಟವಾಗಿವೆ. ಕಾವಲು ಕೋಶದೊಳಗಿನ ಹಸಿರು ಕಣಗಳೂ ಅರೇಬಿಕಾದಲ್ಲಿ ಹೆಚ್ಚು. ತಳಿ ಬೆರಕೆ ಮಾಡುವವರಿಗೆ ಇದು ಬಹಳ ಅನುಕೂಲ. ಬೆರಕೆಯಿಂದ ಬಂದ ಸಸಿಯಲ್ಲಿ ವರ್ಣತಂತು ಎಷ್ಟಿರಬಹುದು ಎಂಬ ಅಂದಾಜು ಎಲೆಯ ಸಿಪ್ಪೆಯಿಂದಲೇ ಸಿಗುತ್ತದೆ. ಖಚಿತವಾಗಿ ಎಣಿಸುವ ಕೆಲಸ ಆಮೇಲೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾದಂದಿನಿಂದ ಚಿಕ್ಕಮಗಳೂರು ಜಿಲ್ಲೆಯಲ್ಲಿ ತಳಿ ಬೆರಕೆಯ ಕೆಲಸಕ್ಕೆ ನೆಲೆ ಇದೆ.

ಕಾಫಿ ಎಲೆಯ ತಳಭಾಗವನ್ನು ತಿರುವಿ ನೋಡಿ. ನಡುನರಕ್ಕೆ ಪಕ್ಕದ ನರಗಳು ಸೇರುವ ಮೂಲೆಯಲ್ಲಿ ಪುಟ್ಟ ಗುಳಿಗಳಿವೆ. ಇವನ್ನು ಕಂಡು ರೋಗವೋ ಹುಳದ ಕೆಲಸವೋ ಎಂದು ಗಾಬರಿಯಾಗಬೇಡಿ. ಗಿಡ ತಾನೇ ಮಾಡುವ ಗೂಡುಗಳಿವು, ಡೊಮೇಶಿಯಾ ಎನ್ನುತ್ತಾರೆ. ಸ್ವೀಡನ್ನಿನ ಲುಂಡ್‌ಸ್ಟ್ರೋಮ್ 1887ರಲ್ಲಿ ಇವಕ್ಕೆ ಈ ಹೆಸರಿಟ್ಟ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಒಳಗೆ ವಾಸಿಸುತ್ತವೆ, ಅವುಗಳಲ್ಲಿ ಎಷ್ಟೋ ಶಿಲೀಂಧ್ರ ಮತ್ತು ಬೇರೆ ಪುಟ್ಟ ಜೀವಿಗಳನ್ನು ತಿಂದು ಬದುಕುವಂಥವು. ರೂಬಿಯೇಸಿ ಕುಟುಂಬದ ಅನೇಕ ಗಿಡಗಳಲ್ಲಿ ಈ ಗೂಡುಗಳಿರುವುದರಿಂದ ಇವೂ ಗುರುತಿಗೆ ಬರುತ್ತವೆ.

ರಾಗಿಯ ಉಂಗುರ

ಹುಲ್ಲುಗಳನ್ನು ವಿಂಗಡಿಸುವಾಗ ಎಲೆಯ ಒಳರಚನೆಗೆ ಸಿಕ್ಕಷ್ಟು ಬೆಲೆ ಬೇರೆಲ್ಲೂ ಸಿಕ್ಕಿಲ್ಲ. ಹುಲ್ಲಿನ ಹೂ ಬಹಳ ಸಣ್ಣದು, ಒಂದಕ್ಕೊಂದು ಹೋಲುತ್ತದೆ. ತೆನೆ ಬರುವ ಮೊದಲು ಯಾವ ಹುಲ್ಲು ಎಂದು ಹೇಳುವುದು ಅನುಭವಿಗಳಿಗೂ ಕಷ್ಟ.

ಅರಸೀಕೆರೆ ಕಡೆಯ ರಾಗಿ ಹೊಲದಿಂದ ಒಂದು ಎಲೆ, ಆಲೂರು ಕಡೆಯ ಗದ್ದೆಯಿಂದ ಭತ್ತದ ಒಂದು ಎಲೆ ತಂದು ಅಡ್ಡ ಕೊಯ್ದು ನೋಡಿದಿರಿ ಎನ್ನಿ. ರಾಗಿಯಲ್ಲಿ ಪ್ರತಿ ನರದ ಸುತ್ತ ದೊಡ್ಡ ದೊಡ್ಡ ಹಸಿರು ಕೋಶಗಳು ಉಂಗುರ ತೊಡಿಸಿದಂತೆ ಕೂತಿರುತ್ತವೆ. ಅದರ ಸುತ್ತ ಇನ್ನೊಂದು ಸುತ್ತು ಹಸಿರು ಕೋಶ. ಭತ್ತದಲ್ಲಿ ನರದ ಸುತ್ತ ಕೋಶಗಳಿದ್ದರೂ ಅವುಗಳಲ್ಲಿ ಹಸಿರು ಕಣ ತೀರಾ ಕಡಿಮೆ, ಹಾಗಾಗಿ ಉಂಗುರ ಎದ್ದು ಕಾಣುವುದಿಲ್ಲ.

ಆಸ್ಟ್ರಿಯಾದ ಹೇಬರ್‌ಲಾಂಟ್ 1880ರ ದಶಕದಲ್ಲಿ ಈ ಉಂಗುರವನ್ನು ವಿವರಿಸಿ ಕ್ರಾನ್ಸ್ ಎಂದು ಕರೆದ. ಅದರ ಉಪಯೋಗವೇನು ಎಂದು ತಿಳಿಯಲು 1960ರ ದಶಕ ಬರಬೇಕಾಯಿತು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು ಈ ಉಂಗುರದೊಳಗೆ ಒತ್ತೊತ್ತಾಗಿ ಸೇರಿಸುವ ವ್ಯವಸ್ಥೆ ಅದು. ಬಿಸಿಲಿನಲ್ಲಿ, ಕಡಿಮೆ ನೀರಿನಲ್ಲಿ ಬೆಳೆಯಲು ಅನುಕೂಲ. ರಾಗಿ, ಜೋಳ, ಮುಸುಕಿನ ಜೋಳ, ಕಬ್ಬಿನಲ್ಲಿ ಇದು ಇದೆ. ಭತ್ತ, ಗೋಧಿಯಲ್ಲಿ ಇಲ್ಲ.

1930ರ ದಶಕದಲ್ಲಿ ರಷ್ಯಾದ ಅವ್ದುಲೋವ್, ಫ್ರಾನ್ಸಿನ ಪ್ರಾ ಮುಂತಾದವರು ವರ್ಣತಂತು, ಎಲೆಯ ಒಳರಚನೆ, ಹೊರಪದರದಲ್ಲಿರುವ ಮರಳಿನಂಥ ಸಿಲಿಕಾ ಕಣಗಳ ಆಕಾರ, ಸೂಕ್ಷ್ಮ ಕೂದಲು ಇವನ್ನೆಲ್ಲ ಸೇರಿಸಿ ನೋಡಿದರು. ತೆನೆಯ ಆಕಾರ ನೋಡಿ ಮಾಡಿದ್ದ ಹಳೆಯ ಗುಂಪುಗಳಲ್ಲಿ ಎಷ್ಟೋ ಕಲಸಿಹೋದವು.

ಎಣಿಸಿ ಹೇಳುವ ಗುರುತು

ಒಂದೇ ಕುಲದ ಎರಡು ಪ್ರಭೇದಗಳನ್ನು ಬೇರೆ ಮಾಡಬೇಕಾದರೆ ರಂಧ್ರದ ಮಾದರಿ ಸಾಲದು, ಎರಡರಲ್ಲೂ ಒಂದೇ ಇರುತ್ತದೆ. ಆಗ ಎಣಿಸಬೇಕು. ಸುಮ್ನೆ ಎಷ್ಟು ರಂಧ್ರ ಎಂದು ಎಣಿಸಿದರೆ ಆಗುವುದಿಲ್ಲ. ಬಿಸಿಲಿನ ಎಲೆಯಲ್ಲಿ ಕೋಶಗಳು ಸಣ್ಣದಾಗಿ ರಂಧ್ರಗಳು ಹತ್ತಿರ ಹತ್ತಿರ ಬಂದಿರುತ್ತವೆ. ನೆರಳಿನಲ್ಲಿ ಎಲೆ ಹಿಗ್ಗಿ ಅವು ದೂರ ಸರಿದಿರುತ್ತವೆ.

ಇದಕ್ಕೆ 1927ರಲ್ಲಿ ಬ್ರಿಟನ್ನಿನ ಸಾಲಿಸ್‌ಬರಿ ಒಂದು ಉಪಾಯ ಹೇಳಿದ. ಹೊರಪದರದ ಒಟ್ಟು ಕೋಶಗಳಲ್ಲಿ ನೂರಕ್ಕೆ ಎಷ್ಟು ಪತ್ರರಂಧ್ರಗಳಿವೆ ಎಂದು ಲೆಕ್ಕ ಹಾಕಿ. 80 ಸಾಮಾನ್ಯ ಕೋಶ, 20 ರಂಧ್ರ ಇದ್ದರೆ ಸೂಚ್ಯಂಕ 20. ಎಲೆ ಹಿಗ್ಗಿದರೂ ಕುಗ್ಗಿದರೂ ಈ ಪ್ರಮಾಣ ಅಷ್ಟಾಗಿ ಬದಲಾಗುವುದಿಲ್ಲ.

ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಸೋನಾಮುಖಿ ಇದರ ಪ್ರಸಿದ್ಧ ಉದಾಹರಣೆ. ಮಲಬದ್ಧತೆಗೆ ಬಳಸುವ ಈ ಎಲೆ ಎರಡು ಬಗೆಯಲ್ಲಿ ಬರುತ್ತದೆ, ಭಾರತದ್ದು ಮತ್ತು ಅಲೆಕ್ಸಾಂಡ್ರಿಯಾದ್ದು. ಭಾರತದ್ದರ ಸೂಚ್ಯಂಕ 17ರಿಂದ 20, ಇನ್ನೊಂದರದ್ದು 11ರಿಂದ 13. ಎರಡರ ನಡುವೆ ಅಂತರ ಸ್ಪಷ್ಟ. ಎಲೆ ಚೂರುಚೂರಾಗಿದ್ದರೂ ಪರವಾಗಿಲ್ಲ, ಒಂದು ತುಣುಕು ಸಾಕು. ಹಾಸನದಂಥ ಊರುಗಳ ಆಯುರ್ವೇದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪುಡಿಯನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡುವುದನ್ನು ಕಲಿಯುವುದು ಇಂಥ ಕೆಲಸಕ್ಕೇ.

ಇದು ಎಲ್ಲಿ ಕೈಕೊಡುತ್ತದೆ

ಕೆಲವು ಒಳಲಕ್ಷಣಗಳೂ ಪರಿಸರಕ್ಕೆ ಬಗ್ಗುತ್ತವೆ. ಎಲೆಯ ದಪ್ಪ, ಉದ್ದನೆಯ ಹಸಿರು ಕೋಶಗಳ ಸಾಲು ಎಷ್ಟು, ಮೇಣದ ಲೇಪ ಎಷ್ಟು ಗಟ್ಟಿ ಎಂಬುದೆಲ್ಲ ಬಿಸಿಲು ಗಾಳಿಯ ಮೇಲೆ ನಿಂತಿವೆ. ಇವನ್ನು ನೆಚ್ಚಿ ಕುಟುಂಬ ಹೇಳುವುದು ಅಪಾಯ.

ಇನ್ನೊಂದು ತೊಡಕು, ಸಂಬಂಧವೇ ಇಲ್ಲದ ಗಿಡಗಳು ಒಂದೇ ಉಪಾಯ ಕಂಡುಕೊಳ್ಳುವುದು. ಬೆಂಡೆ, ದಾಸವಾಳದ ಕುಟುಂಬದಲ್ಲಿ ನಕ್ಷತ್ರದಾಕಾರದ ಕೂದಲಿದೆ. ಬದನೆ ಎಲೆಯಲ್ಲೂ ಇದೆ. ರಾಗಿಯಲ್ಲಿ ಕಂಡ ಉಂಗುರದ ವ್ಯವಸ್ಥೆ ಸಸ್ಯಲೋಕದಲ್ಲಿ 60ಕ್ಕೂ ಹೆಚ್ಚು ಸಲ ಬೇರೆ ಬೇರೆಯಾಗಿ ಹುಟ್ಟಿದೆ ಎಂದು ಈಗ ತಿಳಿದಿದೆ.

ಕುರಿಂಜಿಯ ಮಟ್ಟಿಗೂ ನೇರವಾಗಿ ಹೇಳಬೇಕು. ಅಡ್ಡಗೋಡೆಯ ಪತ್ರರಂಧ್ರ, ಸಿಸ್ಟೊಲಿತ್, ಎದುರುಬದುರು ಎಲೆಗಳು ಇಷ್ಟು ಸಿಕ್ಕಿದರೆ ಅಕ್ಯಾಂಥೇಸಿ ಎಂದು ಧೈರ್ಯವಾಗಿ ಹೇಳಬಹುದು. ಜೋಡಿ ಎಲೆಗಳಲ್ಲಿ ಒಂದು ದೊಡ್ಡದು ಒಂದು ಚಿಕ್ಕದು ಇದ್ದರೆ ಕುರಿಂಜಿಯ ಕುಲದ ಕಡೆ ಅನುಮಾನ ಹೋಗುತ್ತದೆ. ಆದರೆ ಕುಲದೊಳಗೆ ಇದು ನೀಲಕುರಿಂಜಿಯೇ ಅಥವಾ ಅದರ ದಾಯಾದಿಯೇ ಎಂಬುದನ್ನು ಎಲೆಯ ಒಳರಚನೆ ಒಂದೇ ತೀರ್ಮಾನಿಸುವುದು ಕಷ್ಟ. ಕೂದಲು, ಕಾಂಡ, ಬೆಳೆಯುವ ಎತ್ತರ ನೋಡಬೇಕು, ಹಳೆಯ ಹೂಗೊಂಚಲಿನ ಒಣ ತುಣುಕು ಸಿಕ್ಕರೆ ಇನ್ನೂ ಒಳ್ಳೆಯದು. ಈ ಕುಲದಲ್ಲಿ ಪರಾಗದ ಕಣಗಳೂ ಪ್ರಭೇದಕ್ಕೊಂದು ಬಗೆಯಾಗಿ ಇರುವುದುಂಟು, ಆದರೆ ಅದಕ್ಕೆ ಮತ್ತೆ ಹೂವೇ ಬೇಕಲ್ಲ!

ಡಿಎನ್‌ಎ ಇರುವಾಗ ಇದ್ಯಾಕೆ?

1998ರ ನಂತರ ಹೂಗಿಡಗಳ ವರ್ಗೀಕರಣ ಹೆಚ್ಚಾಗಿ ಡಿಎನ್‌ಎ ಮೇಲೆ ನಡೆಯುತ್ತಿದೆ. ಪ್ರಬಲ ಸಾಧನ, ಎರಡು ಮಾತಿಲ್ಲ. ಆದರೆ ಅದಕ್ಕೆ ಖರ್ಚಿದೆ, ಪ್ರಯೋಗಾಲಯ ಬೇಕು, ಹೋಲಿಸಿ ನೋಡಲು ಮೊದಲೇ ಗುರುತಿಸಿಟ್ಟ ಮಾದರಿ ಬೇಕು. ಕುದಿಸಿ, ಹುರಿದು, ಪುಡಿ ಮಾಡಿದ ಪದಾರ್ಥದಲ್ಲಿ ಡಿಎನ್‌ಎ ಮುರಿದುಹೋಗಿರುತ್ತದೆ. ಹರಳು, ಕೂದಲು, ಹೊರಪದರ ಉಳಿದಿರುತ್ತವೆ. ಚಹಾಪುಡಿಯಲ್ಲಿ ಬೇರೆ ಎಲೆ ಬೆರೆಸಿದ್ದಾರಾ ಎಂದು ನೋಡಲು ಚಹಾ ಎಲೆಯೊಳಗಿನ ಕವಲೊಡೆದ ಗಟ್ಟಿ ಕೋಶಗಳನ್ನು ಹುಡುಕುವುದು ಹಳೆಯ, ಇಂದಿಗೂ ನಡೆಯುವ ಪರೀಕ್ಷೆ.

ನಮ್ಮ ಕಡೆಗೆ ಇನ್ನೂ ಹತ್ತಿರದ ಒಂದು ಬಳಕೆ ಇದೆ. ಎಲೆಯ ಹೊರಪದರದ ಮೇಣದ ಲೇಪ ಪ್ರಾಣಿಗಳ ಹೊಟ್ಟೆಯಲ್ಲೂ ಪೂರ್ತಿ ಜೀರ್ಣವಾಗುವುದಿಲ್ಲ. ಕಾಟಿಯ ಸಗಣಿ, ಆನೆಯ ಲದ್ದಿ ತೊಳೆದು ಸೋಸಿದರೆ ಹೊರಪದರದ ಚೂರುಗಳು ಸಿಗುತ್ತವೆ. ಅವುಗಳ ಮೇಲಿನ ರಂಧ್ರದ ಮಾದರಿ, ಕೂದಲು, ಸಿಲಿಕಾ ಕಣ ನೋಡಿ ಪ್ರಾಣಿ ಹುಲ್ಲು ತಿಂದಿದೆಯೋ ಸೊಪ್ಪು ತಿಂದಿದೆಯೋ, ಯಾವ ಗುಂಪಿನದು ಎಂದು ವನ್ಯಜೀವಿ ಸಂಶೋಧಕರು ಪಟ್ಟಿ ಮಾಡುತ್ತಾರೆ. ಸಕಲೇಶಪುರ, ಆಲೂರು, ಬೇಲೂರಿನ ತೋಟಗಳಲ್ಲಿ ಓಡಾಡುವ ಆನೆಗಳು ಏನು ತಿನ್ನುತ್ತಿವೆ ಎಂಬ ಪ್ರಶ್ನೆಗೆ ಪ್ರಾಣಿಯನ್ನು ಹಿಂಬಾಲಿಸದೆ ಉತ್ತರ ಹುಡುಕುವ ದಾರಿ ಇದು.

ಮನೆಯಲ್ಲೇ ನೋಡಬಹುದಾ?

ಖಂಡಿತ. ಕಾಫಿ ಎಲೆಯ ತಳಭಾಗಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಹಚ್ಚಿ, ಪೂರ್ತಿ ಒಣಗಲು ಬಿಡಿ. ಮೇಲೆ ಪಾರದರ್ಶಕ ಸೆಲ್ಲೋಟೇಪ್ ಒತ್ತಿ ಎಳೆದರೆ ಅಚ್ಚು ಟೇಪಿಗೆ ಅಂಟಿಕೊಂಡು ಬರುತ್ತದೆ. ಅದನ್ನು ಗಾಜಿನ ಮೇಲೆ ಅಂಟಿಸಿ ಶಾಲೆಯ ಮೈಕ್ರೋಸ್ಕೋಪಿನಲ್ಲಿ ಅಥವಾ ಕಾಗದದ ಫೋಲ್ಡ್‌ಸ್ಕೋಪಿನಲ್ಲಿ ನೋಡಿ. ರಂಧ್ರಗಳ ಸಾಲು ಸ್ಪಷ್ಟವಾಗಿ ಕಾಣುತ್ತದೆ. ಕೂದಲು ಜಾಸ್ತಿ ಇರುವ ಎಲೆಗೆ ಈ ಉಪಾಯ ನಡೆಯುವುದಿಲ್ಲ.

ಅಡ್ಡಕೊಯ್ತಕ್ಕೆ ಹಾಸನದವರ ಅಡುಗೆಮನೆಯಲ್ಲೇ ಸಾಮಾನು ಇದೆ. ಎಲೆ ಮೆತ್ತಗಿರುವುದರಿಂದ ಬರೀ ಬ್ಲೇಡಿಗೆ ಸಿಗುವುದಿಲ್ಲ. ಆಲೂಗಡ್ಡೆಯ ತುಂಡೊಂದನ್ನು ಸೀಳಿ, ನಡುವೆ ಎಲೆಯ ಚೂರು ಸಿಕ್ಕಿಸಿ, ಎರಡನ್ನೂ ಸೇರಿಸಿ ಹೊಸ ಬ್ಲೇಡಿನಿಂದ ಆದಷ್ಟು ತೆಳ್ಳಗೆ ಕೊಯ್ಯಿರಿ. ನೀರಿನ ಬಟ್ಟಲಿಗೆ ಹಾಕಿದರೆ ಎಲೆಯ ಚೂರು ಬೇರೆಯಾಗಿ ತೇಲುತ್ತದೆ. ಮಕ್ಕಳು ಮಾಡುವಾಗ ದೊಡ್ಡವರು ಬ್ಲೇಡು ಹಿಡಿಯಬೇಕು.

ಶುರು ಮಾಡಲು ಹಿತ್ತಿಲ ಗಿಡಗಳೇ ಸಾಕು: ಕಾಫಿ, ಆಡುಸೋಗೆ, ಸಾಸಿವೆ, ರಾಗಿ. ನಾಲ್ಕು ಎಲೆಗೆ ನಾಲ್ಕು ಮಾದರಿಯ ರಂಧ್ರ ಸಿಗುತ್ತದೆ. ಕೆಸು, ಕಾಸರಕದಂಥವನ್ನು ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ. ಗಿರಿಯ ಮೇಲಿನ ಗಿಡಗಳಿಂದ ಒಂದು ಎಲೆಯನ್ನೂ ಕೀಳಬೇಡಿ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.